ಸಹಾಯ ಬೇಕು: ಅಪ್ಪಯ್ಯನ ಕ್ಯಾನ್ಸರ್ ವರದಿಯಲ್ಲಿರುವ ‘ಸಿಪಿಎಸ್ 15’ ಒಳ್ಳೆಯದೋ ಕೆಟ್ಟದ್ದೋ?

ನಾನು ಶಿರಸಿ ಹತ್ತಿರದ ಹಳ್ಳಿಯವಳು. ಅಪ್ಪಯ್ಯನಿಗೆ 64 ವರ್ಷ, ಕವಳ ಹಾಕದೆ ತೋಟಕ್ಕೆ ಇಳಿದವರಲ್ಲ. ಮಳೆಗಾಲದಲ್ಲಿ ದೋಸೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದರು. ಈಗ ತೆಳ್ಳನೆಯ ಗಂಜಿಯೂ ಎರಡು ಗುಟುಕು ಇಳಿದು ಮೂರನೆಯದಕ್ಕೆ ನಿಲ್ಲುತ್ತದೆ. ಎಂಡೋಸ್ಕೋಪಿ, ಬಯಾಪ್ಸಿ ಆಯಿತು. ಅನ್ನನಾಳದ ಸ್ಕ್ವಾಮಸ್ ಕಾರ್ಸಿನೋಮಾ ಎಂಬ ಕ್ಯಾನ್ಸರ್, ಯಕೃತ್ತಿಗೂ ಹರಡಿದೆ.

ಗೊಂದಲ ಇರುವುದು ಎರಡನೇ ವರದಿಯಲ್ಲಿ. ಪಿಡಿ-ಎಲ್1 ಎಂಬ ಪ್ರೋಟೀನಿನ ಲೆಕ್ಕ ಹೀಗಿದೆ: ಸಿಪಿಎಸ್ 15, ಟಿಪಿಎಸ್ 2%. ಕೆಳಗೆ ‘ಸಿಡಿ8 ಲಿಂಫೋಸೈಟುಗಳು ಹೇರಳ’ ಎಂದಿದೆ; ಇವು ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಟಿ ಕೋಶಗಳು, ಅಂದರೆ ರೋಗನಿರೋಧಕ ಕೋಶಗಳು. ಒಂದೇ ಬಯಾಪ್ಸಿ ತುಣುಕಿಗೆ ಎರಡು ಲೆಕ್ಕವೇಕೆ ಎಂದು ಹುಡುಕಿ ಓದಿದೆ. ಟಿಪಿಎಸ್ ಪಿಡಿ-ಎಲ್1 ಇರುವ ಗಡ್ಡೆಯ ಕೋಶಗಳನ್ನಷ್ಟೇ ಎಣಿಸುತ್ತದೆ, ಸಿಪಿಎಸ್ ಸುತ್ತಲಿನ ರೋಗನಿರೋಧಕ ಕೋಶಗಳನ್ನೂ ಸೇರಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಸರಿ. ಆದರೆ ಪಿಡಿ-ಎಲ್1 ಎಂದರೆ ಟಿ ಕೋಶಗಳಿಗೆ ಬೀಳುವ ಕಡಿವಾಣ, ಹೆಚ್ಚಿದ್ದರೆ ಕೆಟ್ಟದ್ದಲ್ಲವೇ? ಇತ್ತ ಸಿಡಿ8 ಹೆಚ್ಚಿದ್ದರೆ ಬದುಕುಳಿಯುವ ಸಾಧ್ಯತೆ ಸಾಮಾನ್ಯವಾಗಿ ಉತ್ತಮವಂತೆ. ವೈದ್ಯರಂತೂ ‘ಸಿಪಿಎಸ್ 10ಕ್ಕಿಂತ ಮೇಲಿದೆ, ಕೀಮೋ ಜೊತೆ ಪೆಂಬ್ರೋಲಿಜುಮಾಬ್ ಕೊಡಬಹುದು’ ಎಂದು ಖುಷಿಯಿಂದಲೇ ಹೇಳಿದರು; ಅದು ಈ ಕಡಿವಾಣವನ್ನು ಸಡಿಲಿಸುವ ಔಷಧಿಯಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಟೋಕನ್ ಕೂಗಿದರು. ಔಷಧಿ ವಿಪರೀತ ದುಬಾರಿ. ಅಣ್ಣ ಆಗಲೇ ಅಡಿಕೆ ಮಾರಿದ ಪಟ್ಟಿ ಹಿಡಿದು ಕುಳಿತಿದ್ದಾನೆ.

ಬಲ್ಲವರು ದಯವಿಟ್ಟು ತಿಳಿಸಿ: ಈ 15 ಎನ್ನುವುದು ಅಪ್ಪಯ್ಯನ ಆಯಸ್ಸಿನ ಸೂಚನೆಯೋ, ಇಲ್ಲವೇ ಔಷಧಿ ಹಿಡಿಯುವ ಸಾಧ್ಯತೆಯ ಸೂಚನೆ ಮಾತ್ರವೋ? ಸಿಡಿ8 ಸಾಲನ್ನು ಇದರೊಟ್ಟಿಗೆ ಹೇಗೆ ಓದಬೇಕು? ಸೋಮವಾರ ಮತ್ತೆ ಹೋಗುತ್ತೇವೆ, ವೈದ್ಯರನ್ನು ಮೊದಲು ಏನು ಕೇಳಲಿ?