ಥೆರಪಿಸ್ಟ್ ಹೇಳುವ ‘ನನ್ನ ವಿಧಾನ’ ಅಂದರೆ ಏನು? (ಪ್ರಶ್ನೋತ್ತರ)

ಪ್ರಶ್ನೆ (ಸದಸ್ಯೆ, ಹುಬ್ಬಳ್ಳಿ): ಮ್ಯಾನೇಜರ್ ‘ಸ್ವಲ್ಪ ಮಾತಾಡಬೇಕು’ ಅಂತ ಮೆಸೇಜ್ ಹಾಕಿದರೆ ಸಾಕು, ಕೆಲಸ ಹೋಯ್ತು ಅಂತ ಎದೆ ಡವಗುಟ್ಟುತ್ತದೆ. ರಾತ್ರಿ ನಿದ್ದೆ ಇಲ್ಲ. ಮೂವರು ಥೆರಪಿಸ್ಟ್‌ಗಳ ಪರಿಚಯ ಓದಿದೆ. ಒಬ್ಬರು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಮಾಡುತ್ತಾರಂತೆ. ಇನ್ನೊಬ್ಬರದು ವ್ಯಕ್ತಿಕೇಂದ್ರಿತ ಅಂತೆ. ಮೂರನೆಯವರು ಸೈಕೋಡೈನಮಿಕ್ ಅಂತ ಬರೆದಿದ್ದಾರೆ. ಯಾರ ಹತ್ತಿರ ಹೋಗಲಿ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ನಿಮ್ಮದೇ ಮಾತನ್ನು ಮೂರು ಕೋಣೆಗಳಲ್ಲಿ ಹೇಳಿದಿರಿ ಅಂದುಕೊಳ್ಳಿ.

ಸಿಬಿಟಿಯವರು ಆ ಯೋಚನೆಯನ್ನೇ ಹಿಡಿಯುತ್ತಾರೆ. ‘ಕೆಲಸ ಹೋಯ್ತು ಅನ್ನೋಕೆ ಸಾಕ್ಷಿ ಏನು? ಹೋದ ಸಲ ಕರೆದಾಗ ಏನಾಯ್ತು?’ ಅಂತ ಕೇಳುತ್ತಾರೆ. ಬರೆದುಕೊಂಡು ಬರಲು ಮನೆಗೆಲಸ ಕೊಡುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆಯಲ್ಲಿದ್ದವರ ಮನಸ್ಸಿನಲ್ಲಿ ತಾನಾಗಿ ಮೂಡುವ ಇಂಥ ಯೋಚನೆಗಳನ್ನು ಗಮನಿಸಿ ಈ ವಿಧಾನ ಬೆಳೆಸಿದರು. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮುಗಿಯುತ್ತದೆ.

ವ್ಯಕ್ತಿಕೇಂದ್ರಿತ ವಿಧಾನದವರು ಹಾಗೆ ತನಿಖೆ ಮಾಡುವುದಿಲ್ಲ. ‘ಆ ಮೆಸೇಜ್ ನೋಡಿದಾಗ ನಿಮ್ಮ ಪರವಾಗಿ ಯಾರೂ ಇಲ್ಲ ಅನಿಸುತ್ತದೆ’ ಅನ್ನಬಹುದು, ಸುಮ್ಮನಿರಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ತೋರಿಸಿದ ದಾರಿ ಇದು. ತೀರ್ಪು ಕೊಡದೆ ಒಪ್ಪಿಕೊಳ್ಳುವುದು, ಎದುರಿನವರ ಜಾಗದಲ್ಲಿ ನಿಂತು ನೋಡುವುದು, ಸೋಗಿಲ್ಲದೆ ಇರುವುದು, ಇವೇ ಮುಖ್ಯ. ನಮ್ಮಲ್ಲಿ ಎಷ್ಟೋ ಜನ ಇಲ್ಲಿಂದ ಬೇಜಾರಾಗಿ ಎದ್ದು ಬರುತ್ತಾರೆ. ‘ಸಲಹೆ ಕೇಳೋಕೆ ಹೋದರೆ ನಾನು ಹೇಳಿದ್ದನ್ನೇ ತಿರುಗಿಸಿ ಹೇಳ್ತಾರೆ’ ಅಂತ. ಆದರೆ ಹುಟ್ಟಿದಾಗಿನಿಂದ ಬರೀ ಸಲಹೆಯನ್ನೇ ಕೇಳಿಸಿಕೊಂಡು ಬೆಳೆದವರಿಗೆ ಯಾರೋ ಒಬ್ಬರು ಪೂರ್ತಿ ಕೇಳಿಸಿಕೊಳ್ಳುವುದೇ ದೊಡ್ಡ ಬದಲಾವಣೆ.

ಸೈಕೋಡೈನಮಿಕ್‌ನವರು ‘ಹೀಗೆ ಮೊದಲು ಹೆದರಿದ್ದು ಯಾರಿಗೆ?’ ಅಂತ ಹಿಂದಕ್ಕೆ ಹೋಗುತ್ತಾರೆ. ನಿಮಗೆ ಥೆರಪಿಸ್ಟ್ ಮೇಲೇ ಸಿಟ್ಟು ಬಂದರೆ ಅದನ್ನೂ ಮಾತಿಗೆ ತೆಗೆದುಕೊಳ್ಳುತ್ತಾರೆ. ಸಮಯ ಸಾಮಾನ್ಯವಾಗಿ ಜಾಸ್ತಿ ಬೇಕು.

ಆತಂಕದ ವಿಷಯದಲ್ಲಿ ಹೆಚ್ಚು ಅಧ್ಯಯನ ನಡೆದಿರುವುದು ಸಿಬಿಟಿ ಮೇಲೆ. ನಿಮಗೆ ನಾನು ಹೇಳುವುದೂ ಅದನ್ನೇ. ಆದರೆ ಅವರ ಜೊತೆ ಮನಸ್ಸು ಬಿಚ್ಚಿ ಮಾತಾಡಲು ಆಗುತ್ತದಾ ನೋಡಿ. ಆ ನಂಟು ಕೂಡದಿದ್ದರೆ ಯಾವ ವಿಧಾನವೂ ಮುಂದೆ ಹೋಗುವುದಿಲ್ಲ.

ಮತ್ತೊಬ್ಬ ಸದಸ್ಯರು: ನನ್ನ ತಮ್ಮನಿಗೆ ಓಸಿಡಿ, ಅಂದರೆ ಬೇಡವೆಂದರೂ ಅದೇ ಯೋಚನೆ ಬಂದು, ಕೈ ತೊಳೆಯುವಂಥ ಕೆಲಸವನ್ನು ಪದೇಪದೇ ಮಾಡುವ ಕಾಯಿಲೆ. ನಂಟು ಚೆನ್ನಾಗಿದ್ದರೆ ಯಾರಾದರೂ ನಡೆಯುತ್ತಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಇಲ್ಲ, ಇಲ್ಲಿ ವಿಧಾನ ಮುಖ್ಯ. ‘ಇಆರ್‌ಪಿ ಮಾಡುತ್ತೀರಾ?’ ಅಂತ ನೇರವಾಗಿ ಕೇಳಿ. ಉದಾಹರಣೆಗೆ, ಹೆದರಿಕೆ ಹುಟ್ಟಿಸುವ ವಸ್ತುವನ್ನು ಮುಟ್ಟಿ, ಕೈ ತೊಳೆಯದೆ ತಡೆದುಕೊಳ್ಳುವುದನ್ನು ಹಂತಹಂತವಾಗಿ ಕಲಿಸುವ ವಿಧಾನ ಅದು. ‘ಏನೂ ಆಗಲ್ಲ ಬಿಡಿ’ ಅಂತ ಪದೇಪದೇ ಧೈರ್ಯ ಹೇಳುವುದು ಓಸಿಡಿಯನ್ನು ಇನ್ನೂ ಬಿಗಿ ಮಾಡುತ್ತದೆ. ಪ್ರೀತಿಯಿಂದ ಹಾಗೆ ಹೇಳುವ ಮನೆಯವರಿಗೂ ಇದು ಗೊತ್ತಿರಬೇಕು. ಔಷಧಿ ಬೇಕಾ ಅಂತ ಮನೋವೈದ್ಯರನ್ನೂ ಕೇಳಿ.

ಉತ್ತರ (ಕುಟುಂಬ ಥೆರಪಿಸ್ಟ್): ಮನೆಯವರ ಮಾತು ಬಂದಿದ್ದಕ್ಕೆ ಸೇರಿಸುತ್ತೇನೆ. ನಾನು ಒಬ್ಬರನ್ನು ಮಾತ್ರ ನೋಡುವುದಿಲ್ಲ. ಯಾರು ಮಾತಾಡಿದರೆ ಯಾರು ಸುಮ್ಮನಾಗುತ್ತಾರೆ, ಜಗಳ ಎಲ್ಲಿ ಸುತ್ತಿ ಎಲ್ಲಿಗೆ ಬರುತ್ತದೆ, ಅದನ್ನು ನೋಡುತ್ತೇನೆ. ಇದು ನಮಗೆ ಹೊಸದಲ್ಲ. 1950ರ ದಶಕದಲ್ಲೇ ಅಮೃತಸರದಲ್ಲಿ ಮನೋವೈದ್ಯ ಡಾ. ವಿದ್ಯಾ ಸಾಗರ್ ರೋಗಿಗಳ ಮನೆಯವರನ್ನು ಆಸ್ಪತ್ರೆ ಆವರಣದ ಡೇರೆಗಳಲ್ಲಿ ಜೊತೆಗೇ ಇರಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕುಟುಂಬಗಳ ಜೊತೆ ಕೆಲಸ ಮಾಡುವ ವಿಭಾಗ ಇದೆ.

ಸದಸ್ಯೆ, ಹುಬ್ಬಳ್ಳಿ: ಹಾಗಾದರೆ ನಾನು ಹೇಳಿದ್ದು ಅಮ್ಮನ ಕಿವಿಗೆ ಬೀಳುತ್ತಾ?

ಕುಟುಂಬ ಥೆರಪಿಸ್ಟ್: ನಿಮ್ಮನ್ನು ಕೇಳದೆ ಇಲ್ಲ. ಗುಟ್ಟು ಕಾಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಇದೆ. ಜೀವಕ್ಕೆ ಅಪಾಯ ಇದ್ದಂಥ ಕೆಲವು ಸಂದರ್ಭ ಮಾತ್ರ ಬೇರೆ. ಅವು ಯಾವುವು ಅಂತ ಮೊದಲ ದಿನವೇ ಕೇಳಿ.

ಕ್ಲಿನಿಕಲ್ ಸೈಕಾಲಜಿಸ್ಟ್: ಓದು, ತರಬೇತಿಯನ್ನೂ ಕೇಳಿ, ಸಂಕೋಚ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ಭೇಟಿಗೆ ದಿನ ಸಿಗುವ ತನಕ ತುಂಬಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.