ಅತ್ತೆಗೆ ಮರೆವಿನ ಕಾಯಿಲೆ, ಊರಿನವರ ಬಾಯಲ್ಲಿ ತಪ್ಪು ನನ್ನದು: ನಿಮ್ಮನೇಲಿ ಹೇಗೆ ನಿಭಾಯಿಸಿದಿರಿ?

ಕೇಳಿದವರು: ತೀರ್ಥಹಳ್ಳಿ ಕಡೆಯ ಸೊಸೆ

ನಮ್ಮ ಅತ್ತೆಗೆ 74. ಒಂದೂವರೆ ವರ್ಷದಿಂದ ಮರೆವು. ಮೊದಮೊದಲು ಸಾರಿಗೆ ಎರಡು ಸಲ ಉಪ್ಪು ಹಾಕೋರು. ಈಗ ಊಟ ಮಾಡಿ ಕೈ ತೊಳೆದು ಹತ್ತು ನಿಮಿಷ ಆಗಿರಲ್ಲ, ಜಗಲಿಗೆ ಹೋಗಿ ಕೂತು ದಾರೀಲಿ ಹೋಗೋರನ್ನು ಕರೆದು "ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲ" ಅಂತಾರೆ. ಶಿವಮೊಗ್ಗದ ಡಾಕ್ಟರು ಡಿಮೆನ್ಷಿಯಾ ಅಂದರು. ಮಾವ ಒಪ್ಪೋದಿಲ್ಲ. "ಅರವತ್ತಕ್ಕೆ ಅರಳು ಮರಳು, ಅದಕ್ಕೆ ಎಂಥ ಔಷಧಿ?" ಅಂತಾರೆ. ಅಮೆರಿಕದಲ್ಲಿರೋ ನಾದಿನಿ, "ಇದು ಇಲ್ಲಿಯವರ ಕಾಯಿಲೆ, ಕೂಡುಕುಟುಂಬದಲ್ಲಿ ಇರೋ ಅಮ್ಮನಿಗೆ ಹೇಗೆ ಬಂತು?" ಅಂತ ನನ್ನನ್ನೇ ಕೇಳ್ತಾಳೆ. ನಿಜವಾಗ್ಲೂ ನಮ್ಮಲ್ಲಿ ಇದು ಕಡಿಮೆಯಾ? ಬೇರೆ ಊರು, ಬೇರೆ ದೇಶದಲ್ಲಿ ಇರೋರು ಹೇಗೆ ನೋಡಿಕೊಂಡ್ರಿ, ದಯವಿಟ್ಟು ಹೇಳಿ.

ಧಾರವಾಡದಿಂದ

ತಂಗಿ, ನಮ್ಮ ಅಪ್ಪಾರು ಪೋಸ್ಟ್ ಆಫೀಸಿನಾಗ ಇದ್ರು. ರಿಟೈರ್ ಆಗಿ ಹದಿನೈದು ವರ್ಷ ಆದಮ್ಯಾಲೆ ಒಂದಿನ ಮುಂಜಾನೆ ಒಂಬತ್ತೂವರಿಗೆ ಇಸ್ತ್ರಿ ಅಂಗಿ ಹಾಕ್ಕೊಂಡು "ಆಫೀಸಿಗೆ ಹೊತ್ತಾತು" ಅಂತ ಹೊಂಟುಬಿಟ್ರು. ಬಾಗಲಾ ಹಾಕಿದ್ರ ಬಡೀಲಿಕ್ಕೆ ಬರ್ತಿದ್ರು. ಕಡೀಕೆ ನಾನೂ ಅವರ ಜೋಡಿ ನಡೀಲಿಕ್ಕೆ ಸುರು ಮಾಡಿದೆ. ಒಂದು ಸುತ್ತು ಹಾಕಿ "ಇವತ್ತ ಸೂಟಿ ಅಂತ್ರಿ ಅಪ್ಪಾ" ಅಂದ್ರ ಸಮಾಧಾನಾಗಿ ತಿರುಗಿ ಬರ್ತಿದ್ರು. ವಾದಾ ಹಾಕಬ್ಯಾಡ. ಕಿರಾಣಿ ಅಂಗಡ್ಯಾವ್ರಿಗೆ, ಆಟೋ ಸ್ಟ್ಯಾಂಡಿನ ಹುಡುಗರಿಗೆ ಬಾಯಿಬಿಟ್ಟು ಹೇಳಿಬಿಡು. ನಾವು ನಾಚಿಕೊಂಡು ಎರಡು ವರ್ಷ ಮುಚ್ಚಿಟ್ವಿ, ಅದs ದೊಡ್ಡ ತಪ್ಪಾತು.

ಸಿಡ್ನಿಯಿಂದ

ಅಕ್ಕ, ಅಮ್ಮ ಮೈಸೂರಿನವರು, ಆರು ವರ್ಷದಿಂದ ನಮ್ಮ ಜೊತೆ ಇಲ್ಲೇ ಇದ್ದಾರೆ. ಇಲ್ಲಿನ ಮೆಮೊರಿ ಕ್ಲಿನಿಕ್‌ನಲ್ಲಿ ಅವರಿಗೆ ರುಡಾಸ್ ಅನ್ನೋ ಪರೀಕ್ಷೆ ಮಾಡಿದರು. ಬೇರೆ ಬೇರೆ ಭಾಷೆ, ಸಂಸ್ಕೃತಿಯವರನ್ನೂ ನ್ಯಾಯವಾಗಿ ಅಳೆಯಬೇಕು ಅಂತ ಸಿಡ್ನಿಯಲ್ಲೇ ರೂಪಿಸಿ 2004ರಲ್ಲಿ ಪ್ರಕಟಿಸಿದ್ದು. ಓದು ಬರಹ ಕಡಿಮೆ ಇದ್ದವರನ್ನೂ ಕೇಳಬಹುದಾದ ಪ್ರಶ್ನೆಗಳು. ಕನ್ನಡ ದುಭಾಷಿಯೊಬ್ಬರು ಫೋನಿನಲ್ಲಿದ್ದರು.

ಅಂಗಡಿಯಿಂದ ತರಬೇಕಾದ ನಾಲ್ಕು ಸಾಮಾನು ನೆನಪಿಟ್ಟುಕೊಳ್ಳಿ ಅಂದರು: ಟೀ, ಅಡುಗೆ ಎಣ್ಣೆ, ಮೊಟ್ಟೆ, ಸೋಪು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಾಗ ಅಮ್ಮ ಮೂರು ಹೇಳಿದರು, ಮೊಟ್ಟೆ ಬಿಟ್ಟರು. ಹೊರಗೆ ಬಂದ ಮೇಲೆ "ಯಾಕಮ್ಮ?" ಅಂದೆ. "ನಾವು ಮೊಟ್ಟೆ ಎಲ್ಲಿ ತರ್ತೀವೋ, ಹಾಗೆಲ್ಲ ಹೇಳಬಾರದು" ಅಂದರು. ಸಿಗ್ನಲ್ ಇಲ್ಲದ, ಗಾಡಿ ಓಡಾಡೋ ರಸ್ತೆ ಹೇಗೆ ದಾಟ್ತೀರಿ ಅಂದಾಗ "ಕೈ ಅಡ್ಡ ಹಿಡಿದು ದಾಟ್ತೀನಿ" ಅಂದಿದ್ದರು. ನಮ್ಮ ಮೈಸೂರಿನ ದೇವರಾಜ ಅರಸು ರಸ್ತೆಗೆ ಅದೇ ಸರಿಯಾದ ಉತ್ತರ ಅಲ್ವಾ? ನಾನು ಒಳಗೆ ಹೋಗಿ ಇದನ್ನೆಲ್ಲ ಡಾಕ್ಟರಿಗೆ ಹೇಳಿದೆ. ಅವರು ಬರೆದುಕೊಂಡರು, ಆಮೇಲೆ ಮನೇಲಿ ದಿನ ಹೇಗೆ ಕಳೀತಾರೆ ಅಂತ ಅರ್ಧ ಗಂಟೆ ನನ್ನನ್ನೇ ಕೇಳಿದರು. ಕಾಯಿಲೆ ಇದ್ದದ್ದು ನಿಜ, ಸ್ಕ್ಯಾನಿನಲ್ಲೂ ಕಂಡಿತು. ಆದರೆ ನಾನು ಬಾಯಿಬಿಡದಿದ್ದರೆ ಇನ್ನೂ ಮುಂದಿನ ಹಂತ ಅಂತ ಬರೆದುಬಿಡುತ್ತಿದ್ದರೇನೋ.

ಇನ್ನೊಂದು, ಅಮ್ಮನಿಗೆ ಇಂಗ್ಲಿಷ್ ಪೂರ್ತಿ ಹೋಯಿತು. ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತಂತೆ. ಮೊಮ್ಮಕ್ಕಳಿಗೆ ಕನ್ನಡ ಅಷ್ಟಕ್ಕಷ್ಟೇ, ಹಾಗಾಗಿ ಮನೇಲಿ ಅವರ ಜೊತೆ ಮಾತಾಡೋಳು ನಾನೊಬ್ಬಳೇ. ನಿಮ್ಮ ಅತ್ತೆಗೆ ಸುತ್ತ ಅವರ ಮಾತೇ ಇದೆಯಲ್ಲ, ಅದು ದೊಡ್ಡ ಆಸರೆ.

ನಗೋಯಾದಿಂದ

ಇಲ್ಲಿ ಜಪಾನಿನಲ್ಲಿ 65 ದಾಟಿದವರು ಜನಸಂಖ್ಯೆಯ ಶೇ. 29ರ ಹತ್ತಿರ ಇದ್ದಾರೆ. ಆದ್ದರಿಂದ ಈ ಕಾಯಿಲೆ ಎಲ್ಲರ ಕಣ್ಣಿಗೂ ಬೀಳುತ್ತೆ. ಮೊದಲು ಇದಕ್ಕೆ ಜಪಾನಿಯಲ್ಲಿ ಚಿಹೋ ಅನ್ನೋರು, ಎರಡು ಅಕ್ಷರಕ್ಕೂ ದಡ್ಡ, ಮಂಕು ಅನ್ನೋ ಅರ್ಥ. 2004ರಲ್ಲಿ ಸರ್ಕಾರವೇ ಆ ಪದ ಬಿಟ್ಟು ನಿಂಚಿಶೋ, ಅಂದರೆ ಅರಿವಿನ ಕಾಯಿಲೆ ಅಂತ ಬದಲಿಸಿತು. ಮರುವರ್ಷದಿಂದ ಸಾಮಾನ್ಯ ಜನರಿಗೆ ತೊಂಬತ್ತು ನಿಮಿಷದ ಪಾಠ ಶುರುವಾಯಿತು. ಪಾಠ ಕೇಳಿದವರು ಕೈಗೆ ಕಿತ್ತಳೆ ಬಣ್ಣದ ಬಳೆ ಹಾಕಿಕೊಳ್ಳೋರು. ನಮ್ಮ ಬೀದಿಯ ಅಂಗಡಿ ಹುಡುಗಿಯ ಕೈಯಲ್ಲಿ ಅದು ಇತ್ತು. ಅಜ್ಜಿಯೊಬ್ಬರು ದಿನಾ ಬಂದು ಅದೇ ತೋಫು ಕೊಳ್ಳುತ್ತಿದ್ದರು, ಚಿಲ್ಲರೆ ಎಣಿಸಲು ಆಗುತ್ತಿರಲಿಲ್ಲ. ಹಿಂದೆ ಎಷ್ಟೇ ಜನ ನಿಂತಿದ್ದರೂ ಆ ಹುಡುಗಿ ಅವಸರ ಮಾಡದೆ, ಅಜ್ಜಿಯ ಅಂಗೈಯಿಂದ ಒಂದೊಂದೇ ನಾಣ್ಯ ತೆಗೆದು ಎಣಿಸಿ ತೋರಿಸೋಳು.

ಹಾಗಂತ ಇಲ್ಲೂ ಮನೆಯವರ ಮೇಲೆ ಗೂಬೆ ಕೂರಿಸಿಲ್ಲ ಅಂತಲ್ಲ. ಪಕ್ಕದ ಓಬು ಊರಿನಲ್ಲಿ 2007ರ ಡಿಸೆಂಬರಿನಲ್ಲಿ ಈ ಕಾಯಿಲೆಯ 91 ವರ್ಷದ ಅಜ್ಜ ಮನೆಯಿಂದ ಹೊರಟು ಹಳಿ ಮೇಲೆ ರೈಲಿಗೆ ಸಿಕ್ಕಿ ತೀರಿಕೊಂಡರು. ರೈಲು ತಡವಾದ ನಷ್ಟ ಕಟ್ಟಿಕೊಡಿ ಅಂತ ರೈಲ್ವೆ ಕಂಪನಿ ಮನೆಯವರ ಮೇಲೆ ಕೇಸು ಹಾಕಿತು. ಅವರ ಹೆಂಡತಿಗೂ ಆಗ 85 ವರ್ಷ, ಒಂದು ಗಳಿಗೆ ತೂಕಡಿಸಿದ್ದರಷ್ಟೇ. ಕೆಳ ಕೋರ್ಟುಗಳಲ್ಲಿ ಸೋತರು. ಕೊನೆಗೆ 2016ರ ಮಾರ್ಚ್ 1ರಂದು ಸುಪ್ರೀಂ ಕೋರ್ಟ್ ಮನೆಯವರು ಹಣ ಕೊಡಬೇಕಾಗಿಲ್ಲ ಅಂದಿತು. ಅವತ್ತು ನಮ್ಮ ಆಫೀಸಿನಲ್ಲಿ ಒಬ್ಬಾಕೆ ಆ ಸುದ್ದಿ ಓದಿ ಅತ್ತಿದ್ದು ನನಗಿನ್ನೂ ನೆನಪಿದೆ. ಅವಳ ಅಪ್ಪನಿಗೂ ಇದೇ ಕಾಯಿಲೆ.

ಕೋಲಾರದಿಂದ, ನರ್ಸ್ ಆಗಿದ್ದವಳು

ನಮ್ಮಲ್ಲಿ ಕಡಿಮೆ ಅನ್ನೋ ಮಾತಿಗೆ ಒಂದು ಹಿನ್ನೆಲೆ ಇದೆ. ತೊಂಬತ್ತರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಎಣಿಸಿದಾಗ, ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಲಿಸಿದರೆ ತೀರಾ ಕಡಿಮೆ ಕಂಡಿತ್ತು. ಆದರೆ ದಿನದ ಕೆಲಸ ಮಾಡೋಕೆ ಆಗ್ತಿಲ್ಲ ಅಂತ ಮನೆಯವರು ಹೇಳಿದರೆ ತಾನೇ ಕಾಯಿಲೆ ಅಂತ ಲೆಕ್ಕಕ್ಕೆ ಬರೋದು? ಸೊಸೆ ಬಡಿಸಿ, ಮಗ ಬ್ಯಾಂಕಿಗೆ ಹೋಗಿ, ಮೊಮ್ಮಗ ಕೈಹಿಡಿದು ನಡೆಸುವ ಮನೇಲಿ ಹಿರಿಯರಿಗೆ ಏನು ಆಗ್ತಿಲ್ಲ ಅಂತ ಯಾರಿಗೆ ಗೊತ್ತಾಗಬೇಕು? ಇಂಥ ಮನೆಗಳನ್ನೂ ಗಮನದಲ್ಲಿಟ್ಟು ಆಮೇಲೆ ಅಳತೆಗೋಲುಗಳನ್ನು ತಿದ್ದಿದರು. 2023ರಲ್ಲಿ ಪ್ರಕಟವಾದ ದೇಶದ ದೊಡ್ಡ ಅಧ್ಯಯನದಲ್ಲಿ 60 ದಾಟಿದವರಲ್ಲಿ ಶೇ. 7.4, ಅಂದರೆ ಸುಮಾರು 88 ಲಕ್ಷ ಜನ. ಅದರಲ್ಲೂ ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ನಮ್ಮ ಶ್ರೀನಿವಾಸಪುರ ತಾಲ್ಲೂಕಿನಲ್ಲೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 2018ರಿಂದ 45 ದಾಟಿದ ಹಳ್ಳಿಯವರನ್ನು ವರ್ಷ ವರ್ಷವೂ ಪರೀಕ್ಷೆ ಮಾಡ್ತಿದಾರೆ.

ನಿಮ್ಮ ಮಾವ ಒಬ್ಬರೇ ಅಲ್ಲಮ್ಮ. 2019ರಲ್ಲಿ 155 ದೇಶಗಳ ಸುಮಾರು 70,000 ಜನರನ್ನು ಕೇಳಿದಾಗ ಮೂರರಲ್ಲಿ ಇಬ್ಬರು ಇದು ವಯಸ್ಸಿಗೆ ಸಹಜ ಅಂದಿದ್ದರು. ಕೇರಳದ ಹಳ್ಳಿಗಳಲ್ಲಿ ಇದಕ್ಕೆ ಚಿನ್ನನ್, ಅಂದರೆ ಮಕ್ಕಳ ಹಾಗೆ ಆಡೋದು, ಅಂತಿದ್ದರು. ಗೋವಾದಲ್ಲಿ 2001ರ ಒಂದು ಅಧ್ಯಯನದಲ್ಲಿ ಜನ ಇನ್ನೊಂದು ಮಾತೂ ಹೇಳಿದ್ದರು: ಮಕ್ಕಳು ಪ್ರೀತಿಯಿಂದ ನೋಡಿಕೊಳ್ಳದಿದ್ದರೆ ಹೀಗಾಗುತ್ತೆ ಅಂತ. ಇದು ಶುದ್ಧ ಸುಳ್ಳು. ಕಾಯಿಲೆಗೆ ಹೆಸರು ಹೇಳದ ಕಡೆ ಅಪವಾದ ಸೊಸೆಯ ತಲೆಗೇ ಕಟ್ಟುತ್ತೆ. ಇಪ್ಪತ್ತು ವರ್ಷ ವಾರ್ಡಿನಲ್ಲಿ ಇದನ್ನೇ ನೋಡಿದೀನಿ.

ಬಿ12, ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ, ಅವುಗಳ ಕೊರತೆಯಿಂದ ಬರೋ ಮರೆವು ಔಷಧಿಗೆ ಸುಧಾರಿಸಬಹುದು. ಕಿವಿ ಸರಿಯಾಗಿ ಕೇಳಿಸುತ್ತಾ ಅಂತಲೂ ತೋರಿಸಿ. ಊಟ ಆದ ಮೇಲೆ ತಟ್ಟೆ ತಕ್ಷಣ ತೆಗೀಬೇಡಿ, ಎದುರಿಗೇ ಇರಲಿ. "ಈಗ ತಾನೇ ತಿಂದ್ರಲ್ಲ" ಅನ್ನಬೇಡಿ, ಒಂದು ಬಾಳೆಹಣ್ಣು ಕೊಡಿ. ಸಲಹೆ ಬೇಕಾದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.

ಕೇಳಿದವರು

ಎಲ್ಲರಿಗೂ ಕೈ ಮುಗಿದೆ. ಕೋಲಾರದ ಅಕ್ಕ ಬರೆದಿದ್ದನ್ನು ನಿನ್ನೆ ಮಾವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಏನೂ ಅನ್ನಲಿಲ್ಲ, ಅಡಿಕೆ ಕತ್ತರಿಸುತ್ತಾ ಕೂತಿದ್ದರು. ಸಂಜೆ ಅತ್ತೆ ಜಗಲೀಲಿ ಕೂತು ಹಾಲಿನ ಡೈರಿಗೆ ಹೊರಟವರನ್ನು ಕರೆದರು. ನಾನು ಒಳಗಿಂದ ಬರೋದರೊಳಗೆ ಮಾವನ ದನಿ ಕೇಳಿಸಿತು: "ಊಟ ಆಗಿದೆ ಮಾರಾಯ, ಅವಳಿಗೆ ಮರೆವಿನ ಕಾಯಿಲೆ." ನಾನು ಬಾಗಿಲ ಹಿಂದೆಯೇ ನಿಂತುಬಿಟ್ಟೆ.

ಸೋಮವಾರ ರಕ್ತಪರೀಕ್ಷೆಗೆ ಹೋಗ್ತೀವಿ, ಮಾವನೂ ಬರ್ತಾರಂತೆ. ಬಿ12ಗೆ ಖಾಲಿ ಹೊಟ್ಟೇಲಿ ಕರ್ಕೊಂಡು ಹೋಗಬೇಕಾ ಅಕ್ಕ? ಅಷ್ಟು ಹೊತ್ತು ಅವರನ್ನ ಉಪವಾಸ ಇಡೋಕೆ ನಂಗೆ ಧೈರ್ಯ ಇಲ್ಲ.