ಬೇಸ್ ಕ್ಯಾನಪಿ ಸ್ಕೈಡೈವಿಂಗ್ ಕಂಟೇನರ್‌ನಲ್ಲಿ ಹಿಡಿಸುತ್ತಾ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಸರ್, ನಮಸ್ಕಾರ. ನನಗೆ 27 ವರ್ಷ. ಕೆಲಸ ಹೊರದೇಶದಲ್ಲಿ, ಸ್ಕೈಡೈವಿಂಗ್ ಕಲಿತದ್ದೂ ಅಲ್ಲೇ. ಇಲ್ಲಿವರೆಗೆ 210 ಜಂಪ್ ಆಗಿವೆ. ಮುಂದಿನ ವರ್ಷ ಅಮೆರಿಕದ ಐಡಾಹೊದಲ್ಲಿರುವ ಪೆರೀನ್ ಸೇತುವೆ ಮೇಲಿಂದ ಹಾರುವ ಬೇಸ್ ಕೋರ್ಸ್ ಮಾಡುವ ಆಸೆ. ಅದಕ್ಕಾಗಿ ಹಳೆಯದೊಂದು ಬೇಸ್ ಕ್ಯಾನಪಿ (ಪ್ಯಾರಾಶೂಟಿನ ಬಟ್ಟೆ) ಕೊಂಡೆ, ಏಳು ಸೆಲ್ (ಗಾಳಿ ತುಂಬುವ ಗೂಡು), 260 ಚದರಡಿ. ಮೊದಲು ವಿಮಾನದಿಂದ ಹಾರಿ ಅದರ ರೂಢಿ ಮಾಡಿಕೊಳ್ಳಬೇಕು. ರಿಸರ್ವ್ (ತುರ್ತಿನ ಪ್ಯಾರಾಶೂಟ್) ಇರುತ್ತೆ, ಧೈರ್ಯ ಅಲ್ವಾ? ಆದರೆ ನನ್ನ ಕಂಟೇನರ್ (ಬೆನ್ನಿನ ಚೀಲ) 170 ಚದರಡಿಯ ಮೇನ್‌ಗೆ (ಮುಖ್ಯ ಪ್ಯಾರಾಶೂಟ್‌ಗೆ) ಹೊಲಿದದ್ದು. ರಜೆಗೆ ಊರಿಗೆ ಬಂದವನು ಹಾಲ್‌ನಲ್ಲಿ ಹಾಸಿ ಪ್ಯಾಕ್ ಮಾಡಿ ನೋಡಿದೆ. ಮೊಣಕಾಲೂರಿ ಒತ್ತಿದರೆ ಫ್ಲ್ಯಾಪ್ ಮುಚ್ಚುತ್ತೆ. ಫ್ಲ್ಯಾಪ್ ಬಿಗಿಯುವ ಕುಣಿಕೆ, ಅಂದರೆ ಕ್ಲೋಸಿಂಗ್ ಲೂಪ್, ಸ್ವಲ್ಪ ಉದ್ದ ಮಾಡಿದರೆ ಸಾಕಾ?

ಉತ್ತರ (ನಿವೃತ್ತ ರಿಗ್ಗರ್, ಅಂದರೆ ಪ್ಯಾರಾಶೂಟ್ ಪ್ಯಾಕ್ ಮಾಡಿ ರಿಪೇರಿ ಮಾಡುವವರು; ಧಾರವಾಡ): ತಮ್ಮಾ, ವಯಸ್ಸಿನಲ್ಲಿ ಚಿಕ್ಕವನು, ಏಕವಚನದಲ್ಲೇ ಹೇಳ್ತೀನಿ. ಆ ಕಂಟೇನರ್‌ನಲ್ಲಿ ಬೇಡ.

ಗುಂಪಿನ ಉಳಿದವರಿಗೆ ಒಂದು ಮಾತು. ಕಟ್ಟಡ, ಟವರ್, ಸೇತುವೆ, ಬಂಡೆ, ಇವುಗಳ ಮೇಲಿಂದ ಹಾರುವುದು ಬೇಸ್. ಬೆನ್ನಿಗೆ ಒಂದೇ ಪ್ಯಾರಾಶೂಟ್. ವಿಮಾನದಿಂದ ಹಾರುವವರ ಕಂಟೇನರ್‌ನಲ್ಲಿ ಎರಡು, ಮೇಲೆ ರಿಸರ್ವ್, ಕೆಳಗೆ ಮೇನ್.

ಬೇಸ್ ಕ್ಯಾನಪಿ ಬಟ್ಟೆ ಮೋಸ ಮಾಡುತ್ತೆ. ನಿನ್ನ ಮೇನ್‌ನ ಝೀರೋ ಪೋರೋಸಿಟಿ ಬಟ್ಟೆ ಜಾರುತ್ತೆ, ಗಾಳಿ ಬಿಡುವುದಿಲ್ಲ. ಇದು ಮೆತ್ತಗೆ. ಒತ್ತಿದಷ್ಟೂ ಗಾಳಿ ಬಿಡುತ್ತಾ ಕುಗ್ಗುತ್ತೆ. ಹಿಡಿಸಿತು ಅನ್ನಿಸುತ್ತೆ, ಆದರೆ ಒಳಗಿರುವುದು 170ರ ಜಾಗದಲ್ಲಿ ಅದರ ಒಂದೂವರೆ ಪಟ್ಟು ಬಟ್ಟೆ. ಅವ್ವನ ಡಬಲ್ ಕೌದಿಯನ್ನ ತಲೆದಿಂಬಿನ ಗವಸಿಗೆ ತುರುಕು. ಹೋಗುತ್ತೆ. ಈಗ ಒಂದೇ ಕೈಯಲ್ಲಿ ಎಳೆದು ತೆಗಿ ನೋಡೋಣ.

ಮೇಲೆಯೂ ಹಾಗೇ ಆಗುತ್ತೆ. ಲೂಪ್‌ನಲ್ಲಿ ತೂರಿಸಿದ ಪಿನ್ ಬಿಗಿಯಾಗಿ ಕೂತಿರುತ್ತೆ, ಇಲ್ಲವೇ ಪಿನ್ ಬಂದರೂ ಡಿ-ಬ್ಯಾಗ್ (ಕ್ಯಾನಪಿ ಮಡಚಿಟ್ಟ ಒಳಚೀಲ) ಮೂಲೆಗಳಲ್ಲಿ ಸಿಕ್ಕಿಕೊಳ್ಳುತ್ತೆ. ಅದನ್ನ ಎಳೆಯಬೇಕಾದ ಪುಟ್ಟ ಪ್ಯಾರಾಶೂಟ್, ಪೈಲಟ್ ಶೂಟ್, ಬೆನ್ನ ಹಿಂದೆ ಹಾರಾಡ್ತಾ ಇದೆ, ಬ್ಯಾಗ್ ಮಾತ್ರ ಒಳಗೇ. ಆಗ ರಿಸರ್ವ್ ಎಳೆದರೆ ಅದೂ ಪೈಲಟ್ ಶೂಟ್‌ನ ಪಟ್ಟಿಯ (ಬ್ರೈಡಲ್) ಪಕ್ಕದಲ್ಲೇ ಮೇಲೆ ಬರಬೇಕು, ಸುತ್ತಿಕೊಳ್ಳಬಹುದು. ನೀನು ನಂಬಿದ್ದ ರಿಸರ್ವ್‌ಗೇ ಅಡ್ಡಗಾಲು.

ಲೂಪ್ ಉದ್ದ ಮಾಡಿದರೆ ಇನ್ನೊಂದು ತೊಂದರೆ. ವಿಮಾನ ಏರುವ ಹೊತ್ತಿಗೆ ಬಟ್ಟೆಯೊಳಗಿನ ಗಾಳಿ ಹೋಗಿ ಪ್ಯಾಕ್ ಇಳಿಯುತ್ತೆ, ಲೂಪ್ ಸಡಿಲವಾಗುತ್ತೆ. ಬಾಗಿಲಲ್ಲಿ ಕೂತಾಗ ಪಿನ್ ಜಾರಿತು ಅಂದರೆ ಕ್ಯಾನಪಿ ನಿನ್ನನ್ನ ಹೊರಗೆ ಎಳೆಯುತ್ತೆ, ವಿಮಾನದ ಬಾಲಕ್ಕೂ ಸಿಕ್ಕಬಹುದು.

ಹಾಗಂತ ಆಸೆ ತಪ್ಪಲ್ಲ. ಕಲಿಯುವವರಿಗೆ ಕೊಡುವ ದೊಡ್ಡ ರಿಗ್ (ಕಂಟೇನರ್ ಸಮೇತ ಪೂರ್ತಿ ಸೆಟ್) ಇರುತ್ತವಲ್ಲ, 260 ಅಳತೆಯದ್ದು? ಜಂಪ್ ಮಾಡುವ ಕಡೆ ಅದನ್ನ ಬಾಡಿಗೆಗೆ ಕೇಳು.

ಪ್ರಶ್ನೆ (ವಿದ್ಯಾನಗರ): ತಿಳೀತು ಸರ್. ದೊಡ್ಡ ರಿಗ್ ಸಿಕ್ಕರೆ ಸುಮ್ನೆ ಅದರೊಳಗೆ ಹಾಕಿದರೆ ಆಯ್ತಾ? ಸ್ಲೈಡರ್ (ಲೈನ್‌ಗಳ, ಅಂದರೆ ದಾರಗಳ, ಮೇಲೆ ಜಾರುತ್ತಾ ಬಿಚ್ಚುವುದನ್ನ ನಿಧಾನ ಮಾಡುವ ಬಟ್ಟೆ ತುಂಡು) ಬಲೆ ಬಟ್ಟೆಯದು. ಬೇಸ್‌ನ ಪೈಲಟ್ ಶೂಟ್ 42 ಇಂಚಿನದು, ಅದೂ ಜೊತೆಗೆ ಬಂದಿದೆ.

ಉತ್ತರ: ಇದೇ ನಿಜವಾದ ಪ್ರಶ್ನೆ. ಹಿಡಿಸುವುದು ಚಿಕ್ಕ ಮಾತು. ಎಷ್ಟು ಬೇಗ ಬಿಚ್ಚುತ್ತೆ ಅನ್ನೋದು ದೊಡ್ಡದು.

ಪೆರೀನ್ ಸೇತುವೆ 148 ಮೀಟರ್ ಎತ್ತರ. ಅಲ್ಲಿ ಎರಡು ಸೆಕೆಂಡು ಬಿದ್ದರೆ ವೇಗ ಗಂಟೆಗೆ 70 ಕಿ.ಮೀ. ಆಸುಪಾಸು. ಬೇಸ್ ಕ್ಯಾನಪಿಯನ್ನ ಅಷ್ಟೇ ಗಾಳಿಯಲ್ಲಿ ಥಟ್ಟನೆ ಬಿಚ್ಚಲಿ ಅಂತಲೇ ಮಾಡಿರ್ತಾರೆ. ವಿಮಾನದಿಂದ ಪೂರ್ತಿ ಬಿದ್ದಾಗ ವೇಗ 190-200. ಅಲ್ಲಿ ಥಟ್ಟನೆ ಬಿಚ್ಚಿದರೆ ಕುತ್ತಿಗೆ ಹೋಗುತ್ತೆ, ಲೈನ್ ಹರಿಯುತ್ತೆ.

'ಹಾಗಾದರೆ ಹಾರಿದ ತಕ್ಷಣ ಎಳೀತೀನಿ' ಅಂತ ಹಲವರು ಅಂತಾರೆ. ವಿಮಾನವೇ ಗಂಟೆಗೆ 150 ಕಿ.ಮೀ. ಹತ್ತಿರ ಓಡ್ತಾ ಇರುತ್ತಲ್ಲ! ಬಾಗಿಲು ಬಿಟ್ಟ ಕ್ಷಣದಲ್ಲೇ ಅಷ್ಟು ಗಾಳಿ ನಿನ್ನ ಮೈಮೇಲೆ. ಹಾಗಾಗಿ ವಿಮಾನ ಅಂದರೆ ಸ್ಲೈಡರ್ ಇರಲೇಬೇಕು, ಅದೂ ಮೇಲಕ್ಕೆ ಏರಿಸಿ. ಬಲೆಯದು ತೆಗೆದು ಗಟ್ಟಿ ಬಟ್ಟೆಯದು ಹಾಕಿಸು.

42 ಇಂಚಿನ ಪೈಲಟ್ ಶೂಟ್ ಮನೇಲೇ ಇರಲಿ. ಅಷ್ಟು ವೇಗದಲ್ಲಿ ಅದು ಬ್ಯಾಗನ್ನ ಎಷ್ಟು ಜೋರಾಗಿ ಕಿತ್ತುಕೊಂಡು ಹೋಗುತ್ತೆ ಅಂದರೆ ರಬ್ಬರ್‌ನಲ್ಲಿ ಸಿಕ್ಕಿಸಿದ ಲೈನ್‌ಗಳು ಒಟ್ಟಿಗೇ ಸುರಿಯುತ್ತವೆ. ರಿಗ್‌ನ ಸ್ವಂತದ್ದೇ ಸಾಕು, ಅದು ಇದಕ್ಕಿಂತ ಚಿಕ್ಕದು. ಲೈನ್‌ಗಳನ್ನೂ ಡಿ-ಬ್ಯಾಗ್ ರಬ್ಬರ್‌ಗೇ ಸಿಕ್ಕಿಸು. ಬೇಸ್‌ನಲ್ಲಿ ಲೈನ್ ಇಡುವ ಕ್ಯಾನಪಿಯ ಬಾಲದ ಜೇಬು ಖಾಲಿ ಬಿಡು.

ಇನ್ನೊಂದು. ಹಳೆ ಮಾಲೀಕ ಸೇತುವೆಗಾಗಿ ಸ್ಲೈಡರ್ ಏರಿಸದೆ ಕೆಳಗೇ ಬಿಟ್ಟು ಹಾರಿದ್ದರೆ, ಬ್ರೇಕ್ ಲೈನ್ ಸ್ಲೈಡರ್ ಉಂಗುರದ ಹೊರಗಿಂದ ಹೋಗಿರುತ್ತೆ. ಹಿಂದೆ ಲೈನ್‌ಗಳಿಗೆ ಟೇಲ್‌ಗೇಟ್ ಅಂತ ರಬ್ಬರ್ ಇದ್ದರೂ ಇರಬಹುದು. ರಬ್ಬರ್ ತೆಗಿ, ಬ್ರೇಕ್ ಲೈನ್ ಉಂಗುರದೊಳಗಿಂದ ಬರಲಿ. ಬ್ರೇಕ್‌ಗೆ ಎರಡು ಗುರುತು ಇದ್ದರೆ ಜಾಸ್ತಿ ಎಳೆದದ್ದು ಬೇಡ, ಕಡಿಮೆಯದು.

ಬ್ಯಾಡಗಿಯಿಂದ ಒಬ್ಬರು: ನಮ್ಮಲ್ಲಿ ಮೆಣಸಿನಕಾಯಿ ಚೀಲದೊಳಗೆ ಇಳಿದು ತುಳಿದು ತುಂಬುತ್ತಾರೆ. ಅದೇ ವಿದ್ಯೆ ಅಂದ್ಕೊಂಡಿದ್ದೆ.

ಉತ್ತರ: ನಿಮ್ಮ ಚೀಲ ಸಾವಿರ ಮೀಟರ್ ಮೇಲೆ ತಾನಾಗಿ ಬಿಚ್ಚಬೇಕಾಗಿಲ್ಲವಲ್ಲರೀ!

ನಗುವ ಮಾತಲ್ಲ, ನಾನೂ ಒಮ್ಮೆ ಎಡವಿದ್ದೇನೆ. ಆಗ ಹೊಸಬ. ಸವೆದು ಜೋಲುಬಿದ್ದ ರಬ್ಬರ್‌ಗಳನ್ನ 'ಇನ್ನೊಂದು ಜಂಪ್ ನಡೆಯುತ್ತೆ' ಅಂತ ಬಿಟ್ಟೆ. ಹಾರಿದವ ನನ್ನ ಗೆಳೆಯ. ಕ್ಯಾನಪಿ ಬಿಚ್ಚಿದ ಸದ್ದು ನೆಲಕ್ಕೇ ಕೇಳಿಸಿತು, ಪಟಾಕಿ ಹೊಡೆದ ಹಾಗೆ. ಒಂದು ವಾರ ಅವನು ಕುತ್ತಿಗೆ ತಿರುಗಿಸದೆ ಮೈಯೆಲ್ಲ ತಿರುಗಿಸಿ ಮಾತಾಡ್ತಿದ್ದ. ಏನೂ ಬೈಯಲಿಲ್ಲ. ಅದೇ ಜಾಸ್ತಿ ಕೆಟ್ಟದಾಗಿತ್ತು. ಒಂದು ರಬ್ಬರ್ ಎಷ್ಟು, ಒಂದು ಚಹಾ ಕುಡಿದಷ್ಟು.

ಪ್ರಶ್ನೆ (ಗದಗ): ಸರ್, ಉಲ್ಟಾ ಮಾಡಬಹುದಾ? ಸ್ಕೈಡೈವಿಂಗ್ ರಿಗ್ ಹಾಕಿಕೊಂಡು ಕಪ್ಪತಗುಡ್ಡದಿಂದ?

ಉತ್ತರ: ಇಲ್ಲ. ಆ ಮೇನ್ ಬಿಚ್ಚಲಿಕ್ಕೇ 200 ಮೀಟರ್ ಆಸುಪಾಸು ತಿನ್ನುತ್ತೆ. ಕಪ್ಪತಗುಡ್ಡ ಗೋಡೆಯಂಥ ಬಂಡೆಯಲ್ಲ, ಇಳಿಜಾರು. ಹಾರಿದರೆ ಗುಡ್ಡಕ್ಕೇ ಬಡಿಯುತ್ತೀರಿ. ವನ್ಯಜೀವಿ ಧಾಮ ಬೇರೆ. ಅಲ್ಲಿನ ಗಾಳಿಯಂತ್ರದ ಕಂಬದ ಬಗ್ಗೆ ಕೇಳುವ ಮೊದಲೇ ಹೇಳಿಬಿಡ್ತೀನಿ, ಅದೂ ಇಲ್ಲ.

ವಿದ್ಯಾನಗರ: ಸರ್, ಕೌದಿ ಪ್ರಯೋಗ ಮಾಡಿದೆ. ಗವಸು ಹರೀತು. ಅವ್ವ ಬೈದಳು.

ಉತ್ತರ: ಒಳ್ಳೇದಾಯ್ತು. ಈ ಭಾನುವಾರ ಕ್ಯಾನಪಿ ತಗೊಂಡು ಧಾರವಾಡಕ್ಕೆ ಬಾ, ಬ್ರೇಕ್ ಲೈನ್ ನಾನು ನೋಡ್ತೀನಿ. ಕಂಟೇನರ್ ತರಬೇಡ. ರಿಸರ್ವ್ ನಾನು ಮುಟ್ಟೋದಿಲ್ಲ, ಅದು ನಿನ್ನ ಅಲ್ಲಿನ ಲೈಸೆನ್ಸ್ ರಿಗ್ಗರ್ ಕೆಲಸ. ಬೆಳಿಗ್ಗೇನೇ ಬಾ, ಮೊಮ್ಮಕ್ಕಳು ಏಳೋದಕ್ಕೆ ಮುಂಚೆ. 260 ಚದರಡಿ ಹಾಲ್‌ನಲ್ಲಿ ಹಾಸಿದ ಮೇಲೆ ಅವರನ್ನ ಅದರ ಸೆಲ್‌ಗಳಿಂದ ಹುಡುಕಿ ತೆಗೆಯೋದೇ ಒಂದು ಕೆಲಸ ಆಗುತ್ತೆ.